ಮೊದಲ ಅಂಕ ಮುಗಿಯಿತು, ಮರಿಯಾ ಮತ್ತೆ ಬರಲಿಲ್ಲ

1958ರ ಜನವರಿ 2, ಗುರುವಾರ ರಾತ್ರಿ. ರೋಮ್ ಒಪೆರಾ ಮಂದಿರದಲ್ಲಿ ಹೊಸ ಸೀಸನ್ ಶುರುವಾಗುವ ದಿನ. ಇಟಲಿಯ ರಾಷ್ಟ್ರಪತಿ ಜೊವಾನ್ನಿ ಗ್ರೊಂಕಿ ಹೆಂಡತಿಯ ಜೊತೆ ಬಂದು ಕೂತಿದ್ದಾರೆ. ಊರಿನ ದೊಡ್ಡವರೆಲ್ಲ ಬಂದಿದ್ದಾರೆ. ರೇಡಿಯೊದಲ್ಲಿ ನೇರ ಪ್ರಸಾರ ಬೇರೆ ಇದೆ. ಆಡುತ್ತಿರುವುದು ಬೆಲ್ಲಿನಿ ರಚಿಸಿದ 'ನೊರ್ಮಾ' ಅನ್ನುವ ಒಪೆರಾ. ಮುಖ್ಯ ಪಾತ್ರದಲ್ಲಿ ಆಗಿನ ಕಾಲದ ಬಹು ಪ್ರಸಿದ್ಧ ಒಪೆರಾ ಗಾಯಕಿ ಮರಿಯಾ ಕಲ್ಲಾಸ್.

ಮೊದಲ ಅಂಕ ಮುಗಿದು ಪರದೆ ಬಿತ್ತು. ಜನ ಎದ್ದು ಕಾಫಿಗೆ ಹೋದರು, ಬಂದರು, ಕೂತರು. ಪರದೆ ಏಳಲಿಲ್ಲ. ಮತ್ತೆ ಕಾದರು. ಊಹೂಂ. ರಾಷ್ಟ್ರಪತಿಗಳೂ ಕಾದರು. ಕೊನೆಗೆ ಅನಿವಾರ್ಯ ಕಾರಣದಿಂದ ಪ್ರದರ್ಶನ ನಿಲ್ಲಿಸಲಾಗಿದೆ ಅಂತ ಒಂದು ಘೋಷಣೆ ಬಂತು, ಅಷ್ಟೇ. ಆಮೇಲೆ ಮಂದಿರದ ಒಳಗೂ ಹೊರಗೂ ಎದ್ದ ಗದ್ದಲ ತಿಂಗಳುಗಟ್ಟಲೆ ಇಳಿಯಲಿಲ್ಲ.

ಮರಿಯಾ ಬಗ್ಗೆ ಬರೆಯುವವರು ಈ ರಾತ್ರಿಯನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಕೋಪದ ಹೆಂಗಸು, ರಾಷ್ಟ್ರಪತಿ ಎದುರಿಗೇ ಎದ್ದು ಹೋದಳು, ಅಂತ. ನಾನೂ ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ. ಆಮೇಲೆ ಆ ವಾರದ ಘಟನೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಕೋಪಕ್ಕೂ ಇದಕ್ಕೂ ಸಂಬಂಧ ಬಹಳ ಕಮ್ಮಿ ಅನ್ನಿಸಿತು. ಹಾಗಂತ ಮರಿಯಾ ತಪ್ಪೇ ಇಲ್ಲ ಅಂತಲೂ ಅಲ್ಲ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲು ಈಕೆ ಯಾರು

ಹುಟ್ಟಿದ್ದು ನ್ಯೂಯಾರ್ಕಿನಲ್ಲಿ, 1923ರ ಡಿಸೆಂಬರ್ 2ಕ್ಕೆ. ಅಪ್ಪ ಅಮ್ಮ ಗ್ರೀಸಿನಿಂದ ಬಂದವರು, ಮನೆತನದ ಹೆಸರು ಕಲೊಯೆರೊಪುಲೊಸ್. ಅಮೆರಿಕದವರ ಬಾಯಿಗೆ ಅದು ಸಿಗದೆ ಕಲ್ಲಾಸ್ ಆಯಿತು. (ನಮ್ಮ ಬಾಯಲ್ಲಿ ಅದು 'ಖಲ್ಲಾಸ್' ಆಗಿಬಿಡುತ್ತದೆ, ಆ ರಾತ್ರಿಯ ಮಟ್ಟಿಗೆ ಅದೂ ಸರಿಯೇ.) ಅಪ್ಪ ಔಷಧಿ ಅಂಗಡಿ ಇಟ್ಟಿದ್ದವರು. ಮರಿಯಾ ಹುಟ್ಟುವುದಕ್ಕೆ ಮುಂಚೆ ಒಬ್ಬ ಗಂಡು ಮಗು ತೀರಿಕೊಂಡಿತ್ತು. ಅಮ್ಮನಿಗೆ ಮತ್ತೆ ಗಂಡೇ ಬೇಕಿತ್ತು, ಹೆಣ್ಣು ಅಂತ ತಿಳಿದಾಗ ಕೆಲವು ದಿನ ಮಗುವಿನ ಮುಖವನ್ನೇ ನೋಡಲಿಲ್ಲವಂತೆ. ಮುಂದೆ ಅದೇ ಅಮ್ಮ ಮಗಳ ಕಂಠ ನೋಡಿ ಹಾಡಿಸುವುದಕ್ಕೆ ಬೆನ್ನು ಬಿದ್ದರು. ಮರಿಯಾ ಕೊನೆಯವರೆಗೂ ಇದನ್ನು ಮರೆಯಲಿಲ್ಲ.

1937ರಲ್ಲಿ ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಅಥೆನ್ಸಿಗೆ ವಾಪಸ್ ಹೋದರು. ಅಲ್ಲಿ ಸ್ಪೇನಿನ ಸೊಪ್ರಾನೊ (ಎತ್ತರದ ದನಿಯ ಗಾಯಕಿ) ಎಲ್ವಿರಾ ದೆ ಹಿದಾಲ್ಗೊ ಗುರುವಾಗಿ ಸಿಕ್ಕರು. ಹುಡುಗಿ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದಳು. ತನ್ನ ಪಾಠ ಮುಗಿದರೂ ಏಳುತ್ತಿರಲಿಲ್ಲ, ಬೇರೆಯವರ ಪಾಠವನ್ನೂ ಕೂತು ಕೇಳುತ್ತಿದ್ದಳು. ಎರಡನೇ ಮಹಾಯುದ್ಧ, ಹಸಿವು, ಜರ್ಮನ್ ಸೈನ್ಯ ಬೀದಿಯಲ್ಲಿ. ಅದರ ನಡುವೆಯೇ 1942ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ವಯಸ್ಸಿನಲ್ಲಿ, 'ತೊಸ್ಕಾ' ಒಪೆರಾದ ಮುಖ್ಯ ಪಾತ್ರ ಮಾಡಿದರು.

ಇನ್ನೊಂದು ವಿಷಯ ಹೇಳಲೇಬೇಕು, ಮುಂದಕ್ಕೆ ಬೇಕಾಗುತ್ತದೆ. ಮರಿಯಾಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ದೂರದೃಷ್ಟಿ ಬಹಳ ಮಂದ. ವೇದಿಕೆ ಮೇಲೆ ಕನ್ನಡಕ ಹಾಕುವ ಹಾಗಿಲ್ಲ. ಹಾಗಾಗಿ ಎದುರಿಗೆ ಕೋಲು ಆಡಿಸುವ ಕಂಡಕ್ಟರ್ ಅವರಿಗೆ ಮಸುಕು ಮಸುಕು, ಪ್ರೇಕ್ಷಕರಂತೂ ಬರೀ ಕತ್ತಲೆ. ಇದಕ್ಕೆ ಅವರು ಕಂಡುಕೊಂಡ ಉಪಾಯ ಅಂದರೆ ಎಲ್ಲವನ್ನೂ ಬಾಯಿಪಾಠ ಮಾಡುವುದು. ತಮ್ಮ ಭಾಗ ಮಾತ್ರ ಅಲ್ಲ, ಉಳಿದವರದ್ದೂ. ಇಷ್ಟು ಹೆಜ್ಜೆ ಹಾಕಿದರೆ ಮೆಟ್ಟಿಲು, ಇಷ್ಟು ಹಾಕಿದರೆ ಕಂಬ ಅಂತ ಲೆಕ್ಕ. 1947ರ ಆಗಸ್ಟಿನಲ್ಲಿ ಇಟಲಿಯ ವೆರೋನಾದ ಬಯಲು ರಂಗದಲ್ಲಿ ಮೊದಲ ಸಲ ಹಾಡುವಾಗ, ಪ್ರಾಕ್ಟೀಸಿನಲ್ಲೇ ಬಿದ್ದು ಕಾಲು ಉಳುಕಿಸಿಕೊಂಡರು. ಪಟ್ಟಿ ಕಟ್ಟಿಕೊಂಡೇ ಹಾಡಿದರು.

ಅಲ್ಲಿಂದ ಏರಿದ ವೇಗ ನೋಡಿದರೆ ತಲೆ ತಿರುಗುತ್ತದೆ. ಆ ಊರಲ್ಲೇ ಮೆನೆಗಿನಿ ಅನ್ನುವ ಇಟ್ಟಿಗೆ ಕಾರ್ಖಾನೆ ಮಾಲೀಕರ ಪರಿಚಯವಾಯಿತು. ಮರಿಯಾಗಿಂತ ಸುಮಾರು ಇಪ್ಪತ್ತೆಂಟು ವರ್ಷ ದೊಡ್ಡವರು. 1949ರಲ್ಲಿ ಮದುವೆ. ಅದೇ ವರ್ಷದ ಜನವರಿಯಲ್ಲಿ ವೆನಿಸ್ಸಿನಲ್ಲಿ ಜರ್ಮನ್ ಸಂಗೀತಗಾರ ವಾಗ್ನರ್‌ನ ಒಪೆರಾದಲ್ಲಿ ಬ್ರುನ್‌ಹಿಲ್ಡೆ ಪಾತ್ರ ಹಾಡುತ್ತಿದ್ದರು. ದೊಡ್ಡ, ಭಾರದ, ಗಂಟಲು ಬಿಚ್ಚಿ ಹಾಡಬೇಕಾದ ಪಾತ್ರ. ಆಗಲೇ ಬೆಲ್ಲಿನಿಯ 'ಪುರಿತಾನಿ'ಗೆ ಹಾಡಬೇಕಿದ್ದ ಮಾರ್ಗೆರಿತಾ ಕರೋಸಿಯೊ ಕಾಯಿಲೆ ಬಿದ್ದರು. ಅದು ಪೂರ್ತಿ ಬೇರೆ ಜಾತಿಯ ಹಾಡುಗಾರಿಕೆ, ಹಗುರ, ಸರಸರನೆ ಹರಿಯುವ ಸ್ವರಗಳು. ಕಂಡಕ್ಟರ್ ತುಲ್ಲಿಯೊ ಸೆರಾಫಿನ್ ಮರಿಯಾಗೇ ಹಾಡು ಅಂದರು. ಸುಮಾರು ಒಂದು ವಾರದಲ್ಲಿ ಕಲಿತು ಹಾಡಿದರು. ಭಾರ ಎತ್ತುವ ಪೈಲ್ವಾನ ಅದೇ ವಾರ ಹಗ್ಗದ ಮೇಲೆ ನಡೆದು ತೋರಿಸಿದ ಹಾಗೆ. ಇಟಲಿ ಬೆರಗಾಯಿತು.

ಇದನ್ನು ಇಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಮರಿಯಾ ಹೆಸರು ಮಾಡಿದ್ದೇ ಇನ್ನೊಬ್ಬರಿಗೆ ಹುಷಾರಿಲ್ಲದಾಗ ಅವರ ಜಾಗಕ್ಕೆ ಹೋಗಿ. ಮಿಲಾನಿನ ದೊಡ್ಡ ಒಪೆರಾ ಮಂದಿರ ಲಾ ಸ್ಕಾಲಾದಲ್ಲಿ 1950ರಲ್ಲಿ ಮೊದಲು ಹಾಡಿದ್ದು ಕೂಡ ರೆನಾತಾ ತೆಬಾಲ್ದಿಗೆ ಬದಲಿಯಾಗಿ. ಹಾಡುವವರಿಗೆ ಹುಷಾರು ತಪ್ಪುತ್ತದೆ, ಬದಲಿಯವರು ಬರುತ್ತಾರೆ. ಒಪೆರಾದ ಲೋಕದಲ್ಲಿ ಇದು ನಿತ್ಯದ ಸಂಗತಿ. ಹಾಗಿದ್ದರೆ ರೋಮಿನಲ್ಲಿ ಯಾಕೆ ಅಷ್ಟು ರಂಪ ಆಯಿತು?

ನೊರ್ಮಾ ಅಂದರೆ ಏನು ಹುಡುಗಾಟವಲ್ಲ

ಒಪೆರಾ ನೋಡದವರಿಗೆ ಎರಡು ಮಾತು. ಇದು ಪೂರ್ತಿ ಹಾಡಿನಲ್ಲೇ ನಡೆಯುವ ನಾಟಕ. ಮೈಕ್ ಇಲ್ಲ. ಕೆಳಗೆ ಐವತ್ತು ಅರವತ್ತು ವಾದ್ಯ ಒಟ್ಟಿಗೆ ನುಡಿಯುತ್ತಿದ್ದರೂ ಅದನ್ನು ದಾಟಿ ಹಾಡುವವರ ದನಿ ಗ್ಯಾಲರಿಯ ಕೊನೇ ಬೆಂಚಿಗೆ ಮುಟ್ಟಬೇಕು. ನಮ್ಮ ಸಂಗೀತದಲ್ಲಿ ಹಾಡುವವರು ತಮ್ಮ ಶ್ರುತಿ ತಾವು ಇಟ್ಟುಕೊಳ್ಳುತ್ತಾರೆ, ಗಂಟಲು ಕಟ್ಟಿದ ದಿನ ಅರ್ಧ ಮನೆ ಇಳಿಸಿ ಹಾಡಿದರೂ ನಡೆಯುತ್ತದೆ, ಮೇಲಿನ ಷಡ್ಜ ಬೇಡ ಅನ್ನಿಸಿದರೆ ಆ ಕಡೆ ಹೋಗದೆ ರಾಗವನ್ನು ಕೆಳಗೇ ಓಡಾಡಿಸಿ ಮುಗಿಸಬಹುದು. ಒಪೆರಾದಲ್ಲಿ ಅದೆಲ್ಲ ಆಗುವುದಿಲ್ಲ. ಬರೆದ ಸ್ವರ ಬರೆದ ಜಾಗದಲ್ಲಿ ಬರಲೇಬೇಕು. ಜನಕ್ಕೆ ಅದು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತು. ಕಾದು ಕೂತಿರುತ್ತಾರೆ.

'ನೊರ್ಮಾ' ಮೊದಲು ಆಡಿದ್ದು 1831ರ ಡಿಸೆಂಬರ್ 26ರಂದು, ಲಾ ಸ್ಕಾಲಾದಲ್ಲಿ. ಕಥೆ ಹೀಗಿದೆ: ನೊರ್ಮಾ ಗಾಲ್ ದೇಶದ ಪೂಜಾರಿಣಿ. ಅವಳ ಜನರನ್ನು ರೋಮನ್ನರು ಆಳುತ್ತಿದ್ದಾರೆ. ಆ ರೋಮನ್ನರ ಅಧಿಕಾರಿಯೊಬ್ಬನ ಜೊತೆಗೇ ಗುಟ್ಟಾಗಿ ಇವಳಿಗೆ ಎರಡು ಮಕ್ಕಳಾಗಿವೆ. ಈಗ ಅವನು ಇನ್ನೊಬ್ಬ ಚಿಕ್ಕ ಪೂಜಾರಿಣಿಯ ಹಿಂದೆ ಬಿದ್ದಿದ್ದಾನೆ. ಕೊನೆಗೆ ನೊರ್ಮಾ ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡು ಚಿತೆಗೆ ನಡೆಯುತ್ತಾಳೆ. ಅವಳು ವೇದಿಕೆಗೆ ಬಂದ ಸ್ವಲ್ಪ ಹೊತ್ತಿಗೇ ಚಂದ್ರನನ್ನು ಕುರಿತ ಆ ಪ್ರಸಿದ್ಧ ಹಾಡು, 'ಕಸ್ತಾ ದಿವಾ'. ಗಂಟಲು ಕಾಯುವುದಕ್ಕೂ ಟೈಮ್ ಕೊಡುವುದಿಲ್ಲ. ಉದ್ದುದ್ದ ಸಾಲುಗಳು, ಒಂದೇ ಉಸಿರಿನಲ್ಲಿ ಎಳೆಯಬೇಕು, ಎಲ್ಲೂ ತುಂಡಾಗಬಾರದು. ಹಿಂದಿನ ಕಾಲದ ದೊಡ್ಡ ಗಾಯಕಿ ಲಿಲ್ಲಿ ಲೇಮನ್ ಅವರ ಪ್ರಕಾರ ವಾಗ್ನರ್‌ನ ಮೂರು ಬ್ರುನ್‌ಹಿಲ್ಡೆ ಹಾಡುವುದಕ್ಕಿಂತ ಒಂದು ನೊರ್ಮಾ ಕಷ್ಟ.

ಮರಿಯಾ ಇಡೀ ಜೀವನದಲ್ಲಿ ಅತಿ ಹೆಚ್ಚು ಸಲ ಹಾಡಿದ ಪಾತ್ರ ಇದೇ. ಮೊದಲು ಹಾಡಿದ್ದು 1948ರಲ್ಲಿ ಫ್ಲಾರೆನ್ಸಿನಲ್ಲಿ. ಅಮೆರಿಕಕ್ಕೆ ವಾಪಸ್ ಬಂದು 1954ರಲ್ಲಿ ಶಿಕಾಗೊದಲ್ಲಿ, 1956ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಮಂದಿರದಲ್ಲಿ ಮೊದಲು ನಿಂತಿದ್ದೂ ನೊರ್ಮಾ ಆಗಿಯೇ. ರೋಮಿನವರಿಗೂ ಹೊಸದಲ್ಲ, 1950ರಲ್ಲಿ, 1953ರಲ್ಲಿ ಇದೇ ಮಂದಿರದಲ್ಲಿ ಕೇಳಿದ್ದರು.

ಆ ವಾರ ನಡೆದದ್ದು

1957ರ ಡಿಸೆಂಬರ್ 7ಕ್ಕೆ ಮಿಲಾನಿನಲ್ಲಿ ಲಾ ಸ್ಕಾಲಾ ಸೀಸನ್ ಶುರುವಾಗಿದ್ದು ಮರಿಯಾ ಹಾಡಿದ ವೆರ್ದಿಯ ಒಪೆರಾದಿಂದ. ಅದು ಮುಗಿಸಿ, ಕ್ರಿಸ್‌ಮಸ್ ಕಳೆದು ರೋಮಿಗೆ ಬಂದರು. ಚಳಿಗಾಲ. ಮಂದಿರ ಪ್ರಾಕ್ಟೀಸ್ ಟೈಮಿನಲ್ಲಿ ಸರಿಯಾಗಿ ಬಿಸಿ ಇರಲಿಲ್ಲವಂತೆ. ಎರಡನೇ ಮುಖ್ಯ ಪಾತ್ರ ಮಾಡಬೇಕಿದ್ದ ಫೆದೋರಾ ಬಾರ್ಬಿಯೆರಿ ಜ್ವರ ಬಂದು ಬಿಟ್ಟುಹೋದರು. ಅವರ ಜಾಗಕ್ಕೆ ಮಿರಿಯಮ್ ಪಿರಾತ್ಸಿನಿ ಬಂದರು. ನೋಡಿ, ಆ ಪಾತ್ರಕ್ಕೆ ಬದಲಿ ಸಿಕ್ಕಿತು, ಯಾರೂ ಏನೂ ಅನ್ನಲಿಲ್ಲ.

ಡಿಸೆಂಬರ್ 31ರ ರಾತ್ರಿ ಮರಿಯಾ ಟಿವಿಯಲ್ಲಿ 'ಕಸ್ತಾ ದಿವಾ' ಹಾಡಿದರು. ಇನ್ನೆರಡು ದಿನಕ್ಕೆ ಇಡೀ ಒಪೆರಾ ಹಾಡಬೇಕಿರುವಾಗ ಅದರ ಅತಿ ಕಷ್ಟದ ಹಾಡನ್ನು ಟಿವಿಗೆ ಹಾಡುವುದು ಯಾಕೆ ಬೇಕಿತ್ತು? ಆಮೇಲೆ ಹೊಸ ವರ್ಷದ ಪಾರ್ಟಿಗೂ ಹೋದರು. ಗ್ಲಾಸು ಹಿಡಿದು ನಿಂತ ಫೋಟೊ ಪತ್ರಿಕೆಯವರ ಕೈಗೆ ಸಿಕ್ಕಿತು. ನನ್ನ ಪ್ರಕಾರ ಮರಿಯಾ ಮಾಡಿದ ಮೊದಲ ತಪ್ಪು ಇದು. ಪಾರ್ಟಿಯಿಂದ ಗಂಟಲು ಹಾಳಾಯಿತು ಅಂತಲ್ಲ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಜನ ಯಾವ ಫೋಟೊ ಎತ್ತಿ ತೋರಿಸುತ್ತಾರೆ ಅಂತ ಅವರಿಗೆ ಗೊತ್ತಿರಬೇಕಿತ್ತು.

ಯಾಕೆ ಗೊತ್ತಿರಬೇಕಿತ್ತು ಅಂದರೆ, ಫೋಟೊದಿಂದ ಒಮ್ಮೆ ಸುಟ್ಟುಕೊಂಡವರು ಅವರು. 1955ರ ನವೆಂಬರ್, ಶಿಕಾಗೊ. 'ಮದಾಮ ಬಟರ್‌ಫ್ಲೈ' ಮುಗಿಸಿ ಇನ್ನೂ ಕಿಮೋನೊ ಉಟ್ಟಿರುವಾಗಲೇ, ವೇದಿಕೆಯ ಹಿಂದೆ ಕೋರ್ಟಿನ ಸಮನ್ಸ್ ಹಿಡಿದು ಜನ ಬಂದರು. ಹಳೇ ಏಜೆಂಟ್ ಒಬ್ಬರು ಹಾಕಿದ ಕೇಸು. ಮರಿಯಾ ತಿರುಗಿ ಕಿರುಚಿದರು. ಕ್ಯಾಮೆರಾ ಕ್ಲಿಕ್ ಅಂತು. ಮೇಕಪ್ ತುಂಬಿದ ಮುಖ, ಹಲ್ಲು ಕಾಣುವ ಹಾಗೆ ತೆರೆದ ಬಾಯಿ. ಆ ಫೋಟೊ ಲೋಕವೆಲ್ಲ ಸುತ್ತಿತು. 'ಹೆಣ್ಣು ಹುಲಿ' ಅನ್ನುವ ಹಣೆಪಟ್ಟಿ ಗಟ್ಟಿಯಾಗಿ ಅಂಟಿತು. ಒಂದು ಸೆಕೆಂಡಿನ ಫೋಟೊ ಸ್ವಾಮಿ, ಇಪ್ಪತ್ತು ವರ್ಷ ಬೆನ್ನು ಬಿಡಲಿಲ್ಲ.

1957ರ ಆಗಸ್ಟಿನಲ್ಲಿ ಎಡಿನ್‌ಬರೋದಲ್ಲೂ ಹೀಗೇ ಆಯಿತು. ಲಾ ಸ್ಕಾಲಾ ತಂಡದ ಜೊತೆ ನಾಲ್ಕು ಪ್ರದರ್ಶನಕ್ಕೆ ಒಪ್ಪಿದ್ದರು, ನಾಲ್ಕೂ ಹಾಡಿದರು. ತಂಡದವರು ಐದನೆಯದೊಂದನ್ನು ಸೇರಿಸಿಬಿಟ್ಟಿದ್ದರು. ಒಪ್ಪಿದ್ದು ನಾಲ್ಕಕ್ಕೆ, ನಾನು ಹೊರಟೆ ಅಂತ ಮರಿಯಾ ಹೊರಟರು. ಐದನೆಯದನ್ನು ಆಗಿನ್ನೂ ಚಿಕ್ಕವರಾಗಿದ್ದ ರೆನಾತಾ ಸ್ಕೊತ್ತೊ ಹಾಡಿ ಹೆಸರು ಮಾಡಿದರು. ಪತ್ರಿಕೆಗಳಲ್ಲಿ ಬಂದದ್ದು ಮಾತ್ರ 'ಕಲ್ಲಾಸ್ ಅರ್ಧಕ್ಕೆ ಬಿಟ್ಟು ಓಡಿದರು' ಅಂತ. ಹೋಗಿದ್ದು ಸುಮ್ನೆ ಮನೆಗಾದರೆ ಬೇರೆ ಮಾತು, ವೆನಿಸ್ಸಿನಲ್ಲಿ ಅಮೆರಿಕದ ಗಾಸಿಪ್ ಅಂಕಣಗಾರ್ತಿ ಎಲ್ಸಾ ಮ್ಯಾಕ್ಸ್‌ವೆಲ್ ಅವರ ಪಾರ್ಟಿಯಲ್ಲಿ ಕಾಣಿಸಿಕೊಂಡರು. ಅದಾದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊಗೂ ಹೋಗಲಾಗಲಿಲ್ಲ, ಅಲ್ಲಿನ ಒಪೆರಾದವರು ಕಾಂಟ್ರಾಕ್ಟ್ ಹರಿದು ಹಾಕಿದರು.

ಹೀಗೆ ಬೆನ್ನ ಮೇಲೆ ಮೂಟೆ ಹೊತ್ತುಕೊಂಡೇ ಮರಿಯಾ 1958ರ ಜನವರಿ 1ರ ಬೆಳಗ್ಗೆ ಎದ್ದರು. ಗಂಟಲು ಕಟ್ಟಿತ್ತು. ದನಿಯೇ ಹೊರಡುತ್ತಿಲ್ಲ. ಮಂದಿರದವರಿಗೆ ಸುದ್ದಿ ಹೋಯಿತು, ಬದಲಿ ನೋಡಿಕೊಳ್ಳಿ ಅಂತ. ಆಗುವುದಿಲ್ಲ ಅಂದರು. ಜನ ಟಿಕೆಟ್ ತೆಗೆದಿರುವುದು ಕಲ್ಲಾಸ್‌ಗೆ, ರಾಷ್ಟ್ರಪತಿ ಬರುತ್ತಿರುವುದು ಕಲ್ಲಾಸ್‌ಗೆ, ರೇಡಿಯೊದವರು ತಂತಿ ಎಳೆದಿರುವುದು ಕಲ್ಲಾಸ್‌ಗೆ. ಬದಲಿ ಅನ್ನುವ ಮಾತೇ ಬೇಡ. ಸರಿ, ಡಾಕ್ಟರು, ಔಷಧಿ, ಹಬೆ, ವಿಶ್ರಾಂತಿ. ಎರಡನೇ ತಾರೀಕು ಸಂಜೆ ಹೊತ್ತಿಗೆ ಸ್ವಲ್ಪ ದನಿ ಬಂತು. ಹಾಡುತ್ತೇನೆ ಅಂದರು.

ಇದು ಎರಡನೇ ತಪ್ಪು, ಇದೇ ದೊಡ್ಡದು. ಮಧ್ಯಾಹ್ನವೇ 'ಆಗುವುದಿಲ್ಲ' ಅಂದಿದ್ದರೆ ಎರಡು ದಿನದ ಗೊಣಗಾಟ. ಒಡೆದ ದನಿಯಲ್ಲೇ ಕೊನೆಯವರೆಗೆ ಹಾಡಿದ್ದರೆ ಕೆಟ್ಟ ವಿಮರ್ಶೆ. ಎರಡನ್ನೂ ಜನ ಮರೆಯುತ್ತಾರೆ. ಶುರು ಮಾಡಿ ಅರ್ಧಕ್ಕೆ ನಿಲ್ಲಿಸುವುದೊಂದನ್ನು ಮಾತ್ರ ಯಾರೂ ಮರೆಯುವುದಿಲ್ಲ. ಆದರೆ ಎಡಿನ್‌ಬರೋ, ಸ್ಯಾನ್ ಫ್ರಾನ್ಸಿಸ್ಕೊ ಆದ ಮೇಲೆ ಮೂರನೇ ಸಲ 'ಆಗುವುದಿಲ್ಲ' ಅನ್ನುವ ಧೈರ್ಯ ಅವರಿಗೆ ಉಳಿದಿತ್ತಾ? ಎದ್ದು ಹೋಗುವವಳು ಅನ್ನುವ ಹೆಸರಿಗೆ ಹೆದರಿಯೇ ವೇದಿಕೆ ಹತ್ತಿದರು, ಹತ್ತಿದ್ದರಿಂದಲೇ ಎದ್ದು ಹೋಗಬೇಕಾಯಿತು.

ರಾತ್ರಿ

ಕಂಡಕ್ಟರ್ ಗಬ್ರಿಯೆಲೆ ಸಂತಿನಿ. ರೋಮನ್ ಅಧಿಕಾರಿಯ ಪಾತ್ರದಲ್ಲಿ ಫ್ರಾಂಕೊ ಕೊರೆಲ್ಲಿ, ಎತ್ತರದ, ನೋಡಲು ಚೆಂದದ, ಉಕ್ಕಿನಂಥ ದನಿಯ ಆಳು. ರೇಡಿಯೊ ಪ್ರಸಾರ ಇದ್ದದ್ದರಿಂದ ಮೊದಲ ಅಂಕದ ಧ್ವನಿಮುದ್ರಣ ಉಳಿದುಕೊಂಡಿದೆ, ಇವತ್ತಿಗೂ ಕೇಳಬಹುದು. ನಾನು ಎಷ್ಟೋ ಸಲ ಕೇಳಿದ್ದೇನೆ. ನಿಜ ಹೇಳಬೇಕೆಂದರೆ, ಕಥೆ ಗೊತ್ತಿಲ್ಲದೆ ಕೇಳಿದರೆ 'ಇಷ್ಟಕ್ಕೆ ನಿಲ್ಲಿಸಿದರಾ?' ಅನ್ನಿಸುತ್ತದೆ. ದನಿ ಅಂಥಾ ಕೆಟ್ಟಿಲ್ಲ. ಕೆಲವು ಕಡೆ ಮಧ್ಯದ ಸ್ವರಗಳಲ್ಲಿ ಬಣ್ಣ ಇಳಿದಿದೆ, ಹುಷಾರಾಗಿ ಹೆಜ್ಜೆ ಇಡುತ್ತಿರುವ ಹಾಗೆ ಇದೆ, ಅಷ್ಟೇ.

ಆದರೆ ಹಾಡುವವರನ್ನು ಕೇಳಿ ನೋಡಿ. ಕಟ್ಟಿದ ಗಂಟಲಲ್ಲಿ ಹಾಡುವಾಗ ಹೊರಗೆ ಕೇಳುವುದಕ್ಕೂ ಒಳಗೆ ಆಗುವುದಕ್ಕೂ ಅಜಗಜಾಂತರ. ಸಾಮಾನ್ಯವಾಗಿ ಸುಲಭಕ್ಕೆ ಬರುವ ಸ್ವರಕ್ಕೆ ಎರಡು ಪಟ್ಟು ಉಸಿರು ಒತ್ತಬೇಕು. ಒತ್ತಿದಷ್ಟೂ ಊತ ಹೆಚ್ಚುತ್ತದೆ. ಊತ ಹೆಚ್ಚಿದಷ್ಟೂ ಇನ್ನೂ ಒತ್ತಬೇಕು. ಈಗ ಬರುತ್ತಿದೆ, ಇನ್ನು ಹತ್ತು ನಿಮಿಷಕ್ಕೆ ಬರುವುದಿಲ್ಲ ಅಂತ ಹಾಡುವವರಿಗೆ ಮಾತ್ರ ಗೊತ್ತಾಗುತ್ತದೆ. ಮುಂದಿನ ಅಂಕದಲ್ಲಿ ಏನೇನಿದೆ? ನಿದ್ದೆ ಮಾಡುತ್ತಿರುವ ಮಕ್ಕಳನ್ನು ಕೊಲ್ಲಲು ಕತ್ತಿ ಎತ್ತಿ ಕೈ ಬಾರದೆ ನಿಲ್ಲುವ ದೃಶ್ಯ, ಇಬ್ಬರು ಹೆಂಗಸರು ಜೋಡಿಯಾಗಿ ಹಾಡುವ ಉದ್ದನೆಯ ಹಾಡು, ಅವನ ಎದುರು ನಿಂತು 'ಈಗ ನೀನು ನನ್ನ ಕೈಯಲ್ಲಿದ್ದೀಯ' ಅನ್ನುವ ಭಾಗ, ಕೊನೆಗೆ ಚಿತೆ. ಒಂದಕ್ಕೊಂದು ಬಿಡುವಿಲ್ಲ. ಯಾವುದನ್ನೂ ಅರ್ಧ ದನಿಯಲ್ಲಿ ತಳ್ಳಿ ಮುಗಿಸುವ ಹಾಗಿಲ್ಲ.

ಜನರ ಕಡೆಯಿಂದಲೂ ಶುರುವಾಗಿತ್ತು. ಗ್ಯಾಲರಿಯಿಂದ ಕೂಗು ಬಿತ್ತು. ಮಿಲಾನಿಗೆ ವಾಪಸ್ ಹೋಗು, ನಿನಗೆ ಹತ್ತು ಲಕ್ಷ ಲೀರಾ ಸುರಿದಿದ್ದೇವೆ, ಅಂತ ಯಾರೋ ಕೂಗಿದರು ಎಂದು ಆಗಿನ ವರದಿಗಳು ಹೇಳುತ್ತವೆ. ಇಲ್ಲಿ ಆ ಕಣ್ಣಿನ ವಿಷಯ ನೆನಪಿಸಿಕೊಳ್ಳಿ. ಮರಿಯಾಗೆ ಒಂದು ಮುಖವೂ ಕಾಣುವುದಿಲ್ಲ. ಎದುರಿಗೆ ಬರೀ ಕತ್ತಲೆ, ಕತ್ತಲೆಯೊಳಗಿಂದ ಬೈಗುಳ. ಮುಂದಿನ ಸಾಲಿನಲ್ಲಿ ಯಾರೋ ಒಬ್ಬರು ಮೆಚ್ಚಿ ತಲೆ ಆಡಿಸುತ್ತಿದ್ದರೂ ಅವರಿಗೆ ಗೊತ್ತಾಗುವ ಹಾಗಿಲ್ಲ.

ಪರದೆ ಬಿದ್ದ ಮೇಲೆ ಕೋಣೆಗೆ ಹೋಗಿ ಕೂತರು. ಇನ್ನು ಆಗುವುದಿಲ್ಲ ಅಂದರು. ಮಂದಿರದ ಅಧಿಕಾರಿಗಳು ಒಬ್ಬರ ಹಿಂದೆ ಒಬ್ಬರು ಬಂದರು. ಬೇಡಿಕೊಂಡರು, ಗದರಿದರು. ನೀವು ಅಷ್ಟು ದೊಡ್ಡ ನಟಿ, ಹಾಡದಿದ್ದರೂ ಚಿಂತೆಯಿಲ್ಲ, ಮಾತಿನಲ್ಲೇ ಹೇಳಿ ಮುಗಿಸಿ ಅಂದರಂತೆ. ನೊರ್ಮಾವನ್ನು ಮಾತಿನಲ್ಲಿ ಮುಗಿಸುವುದು! ಕೇಳಿದವರಿಗೂ ಅದು ಆಗದ ಮಾತು ಅಂತ ಗೊತ್ತಿತ್ತು ಅನ್ನಿಸುತ್ತದೆ. ಬೇರೆ ದಾರಿ ಇರಲಿಲ್ಲ, ಯಾಕೆಂದರೆ ಬದಲಿ ಗಾಯಕಿ ಯಾರನ್ನೂ ತಯಾರು ಮಾಡಿ ಇಟ್ಟಿರಲಿಲ್ಲ. ರಾಷ್ಟ್ರಪತಿ ಬರುವ ರಾತ್ರಿ, ದೇಶಕ್ಕೆಲ್ಲ ರೇಡಿಯೊದಲ್ಲಿ ಹೋಗುವ ರಾತ್ರಿ, ಹಿಂದಿನ ದಿನವೇ 'ನನಗೆ ಹುಷಾರಿಲ್ಲ' ಅಂತ ಗಾಯಕಿಯೇ ಹೇಳಿ ಕಳಿಸಿದ್ದ ರಾತ್ರಿ, ಆ ಮಂದಿರದಲ್ಲಿ ಎರಡನೇ ಅಂಕ ಹಾಡಬಲ್ಲ ಇನ್ನೊಬ್ಬ ಹೆಂಗಸು ಇರಲಿಲ್ಲ.

ಮಂದಿರಕ್ಕೂ ಪಕ್ಕದ ಕ್ವಿರಿನಾಲೆ ಹೋಟೆಲಿಗೂ ನೆಲದಡಿಯಲ್ಲಿ ಒಂದು ದಾರಿ ಇದೆ. ಮರಿಯಾ ಅದರಲ್ಲೇ ಹೋಟೆಲಿಗೆ ಹೋದರು. ಜನ ಬಿಡಲಿಲ್ಲ, ಹೋಟೆಲಿನ ಕಿಟಕಿ ಕೆಳಗೆ ಬಂದು ರಾತ್ರಿಯೆಲ್ಲ ಕೂಗಿದರು.

ಮರುದಿನ ಡಾಕ್ಟರು ಪರೀಕ್ಷೆ ಮಾಡಿ ಗಂಟಲು, ಶ್ವಾಸನಾಳ ಊದಿದೆ ಅಂತ ಬರೆದುಕೊಟ್ಟರು. ಮರಿಯಾ ರಾಷ್ಟ್ರಪತಿಗಳಿಗೆ ಕ್ಷಮೆ ಕೇಳಿ ಪತ್ರ ಬರೆದರು. ರಾಷ್ಟ್ರಪತಿಗಳ ಹೆಂಡತಿ ಸಮಾಧಾನದ ಮಾತು ಹೇಳಿ ಕಳಿಸಿದರು ಅಂತ ಮರಿಯಾ ಮುಂದೆ ಹೇಳಿಕೊಂಡಿದ್ದಾರೆ. ಗುಣವಾದ ಮೇಲೆ ಉಳಿದ ದಿನ ಹಾಡುತ್ತೇನೆ ಅಂದರು. ಮಂದಿರದವರು ಬೇಡವೇ ಬೇಡ ಅಂದರು.

ಈಗ ಕೇಳಿ. ಜನವರಿ 4ಕ್ಕೆ ಮುಂದಿನ ಪ್ರದರ್ಶನ. ನೊರ್ಮಾ ಹಾಡಿದ್ದು ಅನಿತಾ ಚೆರ್ಕ್ವೆತ್ತಿ, ವಯಸ್ಸು 26. ಎಲ್ಲಿಂದ ಬಂದರು? ನೇಪಲ್ಸಿನಿಂದ. ಅಲ್ಲಿ ಆಗ ಅವರು ಹಾಡುತ್ತಿದ್ದದ್ದೂ ನೊರ್ಮಾವನ್ನೇ! ರೋಮಿಗೂ ನೇಪಲ್ಸಿಗೂ ಇನ್ನೂರು ಚಿಲ್ಲರೆ ಕಿಲೋಮೀಟರ್. ಇಲ್ಲಿಗೂ ಅಲ್ಲಿಗೂ ಓಡಾಡಿ ಎರಡೂ ಕಡೆ ಹಾಡಿ ಜನರ ಬಾಯಲ್ಲಿ ಭೇಷ್ ಅನ್ನಿಸಿಕೊಂಡರು. ಅಂದರೆ ಪಾತ್ರ ಬಾಯಲ್ಲೇ ಇದ್ದ ಒಬ್ಬ ಗಾಯಕಿ ಒಂದು ರೈಲಿನಷ್ಟು ದೂರದಲ್ಲಿದ್ದರು. ಜನವರಿ 1ಕ್ಕೇ ಒಂದು ಫೋನ್ ಮಾಡಿ ಬರುವ ದಾರಿ ಇದೆಯಾ ಅಂತ ಕೇಳಬಹುದಿತ್ತು. ಮರಿಯಾಗೆ ಬದಲಿ ಇಲ್ಲ ಅಂದವರಿಗೆ ಎರಡೇ ದಿನದಲ್ಲಿ ಬದಲಿ ಸಿಕ್ಕಿತು. ಪಾಪ, ಚೆರ್ಕ್ವೆತ್ತಿ ಕೂಡ ಬಹಳ ದಿನ ಹಾಡಲಿಲ್ಲ, 1961ರ ಹೊತ್ತಿಗೆ ರಂಗ ಬಿಟ್ಟರು. ಅದು ಬೇರೆಯದೇ ಕಥೆ.

ಆಮೇಲೆ

ಇಟಲಿಯಲ್ಲಿ ಗಾಳಿ ತಿರುಗಿತು. ಅದೇ ಏಪ್ರಿಲಿನಲ್ಲಿ ಲಾ ಸ್ಕಾಲಾದಲ್ಲಿ ದೊನಿತ್ಸೆತ್ತಿಯ 'ಅನ್ನಾ ಬೊಲೇನಾ'. ಹಿಂದಿನ ವರ್ಷ ಇದೇ ಪಾತ್ರಕ್ಕೆ ಚಪ್ಪಾಳೆ ನಿಲ್ಲಿಸದ ಜನ ಈ ಸಲ ಮುಖ ಗಂಟಿಕ್ಕಿ ಕೂತರು. ಹೊರಗೆ ಪೊಲೀಸರು. ಮೊದಲ ಅಂಕದ ಕೊನೆಯಲ್ಲಿ ರಾಣಿ ಅನ್ನಾಳನ್ನು ಬಂಧಿಸಲು ಬರುತ್ತಾರೆ, ಅವಳು 'ನ್ಯಾಯಾಧೀಶರೇ? ಅನ್ನಾಳಿಗೆ?' ಅಂತ ಕೆರಳುತ್ತಾಳೆ. ಮರಿಯಾ ಬಂಧಿಸಲು ಬಂದವರನ್ನು ಪಕ್ಕಕ್ಕೆ ತಳ್ಳಿ, ವೇದಿಕೆಯ ಅಂಚಿಗೆ ಬಂದು, ಆ ಸಾಲನ್ನು ಜನರ ಮುಖಕ್ಕೇ ಹಾಡಿದರು. ಕತ್ತಲೆಯ ಕಡೆಗೆ. ಮುಗಿಯುವಷ್ಟರಲ್ಲಿ ಮಂದಿರ ಮತ್ತೆ ಅವರದ್ದಾಗಿತ್ತು.

ಆದರೆ ಆಡಳಿತದವರು ಕರಗಲಿಲ್ಲ. ಮೇ ತಿಂಗಳಲ್ಲಿ ಬೆಲ್ಲಿನಿಯ 'ಪಿರಾತಾ'. ಅದರ ಕೊನೆಯಲ್ಲಿ ವಧಾಸ್ಥಾನವನ್ನು ಕುರಿತ ಸಾಲಿದೆ, ಇಟಾಲಿಯನ್ನಿನಲ್ಲಿ ವಧಾಸ್ಥಾನಕ್ಕೂ ನಾಟಕಮಂದಿರದ ಬಾಕ್ಸಿಗೂ (ಗಣ್ಯರು ಕೂರುವ ಪುಟ್ಟ ಕೋಣೆ) ಒಂದೇ ಪದ, 'ಪಾಲ್ಕೊ'. ಮರಿಯಾ ಆ ಪದ ಬಂದಾಗ ಲಾ ಸ್ಕಾಲಾದ ಮ್ಯಾನೇಜರ್ ಗಿರಿಂಗೆಲ್ಲಿಯ ಬಾಕ್ಸಿನ ಕಡೆ ಕೈ ತೋರಿಸಿ ಹಾಡಿದರು. ಮಿಲಾನಿನವರಿಗೆ ಅರ್ಥವಾಗದೆ ಇರುತ್ತದಾ! ಜನ ಇನ್ನೂ ಚಪ್ಪಾಳೆ ಹೊಡೆಯುತ್ತಿರುವಾಗಲೇ ಬೆಂಕಿ ತಡೆಯುವ ಕಬ್ಬಿಣದ ಪರದೆ ಇಳಿಸಿಬಿಟ್ಟರು. ಎರಡೂವರೆ ವರ್ಷ ಅವರು ಆ ಮಂದಿರಕ್ಕೆ ಕಾಲಿಡಲಿಲ್ಲ. ನವೆಂಬರಿನಲ್ಲಿ ಮೆಟ್ರೊಪಾಲಿಟನ್‌ನ ಮ್ಯಾನೇಜರ್ ರುಡಾಲ್ಫ್ ಬಿಂಗ್ ಕೂಡ ಯಾವ್ಯಾವ ಒಪೆರಾ ಯಾವಾಗ ಅನ್ನುವ ಜಗಳದಲ್ಲಿ ಅವರನ್ನು ತೆಗೆದುಹಾಕಿದರು. ಒಂದೇ ವರ್ಷದಲ್ಲಿ ರೋಮ್, ಮಿಲಾನ್, ನ್ಯೂಯಾರ್ಕ್ ಮೂರೂ ಬಾಗಿಲು ಮುಚ್ಚಿದವು. ಇದಕ್ಕೆಲ್ಲ ರೋಮ್ ಒಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಮ್ಯಾನೇಜರ್ ಜೊತೆ ಏನು ಮನಸ್ತಾಪ ಬಂದರೂ 'ರೋಮಿನಲ್ಲಿ ನೋಡಿದ್ದೇವಲ್ಲ' ಅನ್ನುವುದು ಸುಲಭವಾಗಿಬಿಟ್ಟಿತು.

1959ರ ಬೇಸಿಗೆಯಲ್ಲಿ ಹಡಗು ಕುಬೇರ ಒನಾಸಿಸ್ ಅವರ ನೌಕೆಯಲ್ಲಿ ಪ್ರವಾಸ ಹೋದದ್ದು, ಮೆನೆಗಿನಿಯವರಿಂದ ದೂರವಾದದ್ದು, ಇದೆಲ್ಲ ಎಲ್ಲರಿಗೂ ಗೊತ್ತು. ಅದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ನಾನು ಬಿಡುತ್ತೇನೆ.

ದನಿಯ ಮಾತು ಮಾತ್ರ ಬಿಡುವ ಹಾಗಿಲ್ಲ. 1953-54ರಲ್ಲಿ ಮರಿಯಾ ಸುಮಾರು 36 ಕಿಲೋ ಇಳಿಸಿದ್ದರು. ಅದಕ್ಕೇ ದನಿ ಹೋಯಿತು ಅನ್ನುವವರು ಇದ್ದಾರೆ. ಇಪ್ಪತ್ತರ ಹರೆಯಕ್ಕೇ ಭಾರದ ಪಾತ್ರ ಹಾಡಿ ಸವೆಸಿಕೊಂಡರು ಅನ್ನುವವರೂ ಇದ್ದಾರೆ. ಬಹಳ ವರ್ಷದ ನಂತರ, 1975ರಲ್ಲಿ ಅವರನ್ನು ನೋಡಿದ್ದ ಡಾಕ್ಟರೊಬ್ಬರು ಡರ್ಮಟೊಮಯೊಸೈಟಿಸ್ ಅನ್ನುವ ಸ್ನಾಯು ಸೊರಗುವ ಕಾಯಿಲೆ ಇತ್ತು ಎಂದರು. ಫುಸ್ಸಿ ಮತ್ತು ಪಾವೊಲಿಲ್ಲೊ ಎಂಬ ಇಟಲಿಯ ದನಿ ತಜ್ಞರು ಹಳೇ ರೆಕಾರ್ಡುಗಳನ್ನು ಸಾಲಾಗಿ ಪರೀಕ್ಷಿಸಿ 2010ರಲ್ಲಿ ಅದೇ ಕಡೆ ಬೆರಳು ತೋರಿಸಿದರು. ಇದು 1958ಕ್ಕೇ ಶುರುವಾಗಿತ್ತು ಅಂತ ಯಾರೂ ಸಾಬೀತು ಮಾಡಿಲ್ಲ. ಆ ರಾತ್ರಿಗೆ ಸಾಮಾನ್ಯ ಚಳಿಗಾಲದ ಗಂಟಲು ನೋವೇ ಸಾಕಿತ್ತು.

1965ರ ಮೇ 29, ಪ್ಯಾರಿಸ್. ಮತ್ತೆ ನೊರ್ಮಾ. ಆ ಹೊತ್ತಿಗೆ ಮರಿಯಾ ಪೂರ್ತಿ ಬಸವಳಿದಿದ್ದರು. ಆ ರಾತ್ರಿಯೂ ಕೊನೆಯ ದೃಶ್ಯಕ್ಕೆ ಬರಲಾಗದೆ ಕುಸಿದರು. ಪ್ರದರ್ಶನ ಅಲ್ಲಿಗೇ ನಿಂತಿತು. ಪ್ಯಾರಿಸ್ಸಿನ ಜನ ಕೂಗಲಿಲ್ಲ, ಸುಮ್ಮನೆ ಎದ್ದು ಹೋದರು. ಅದೇ ಅವರ ಕೊನೆಯ ನೊರ್ಮಾ.

ಅದಾಗಿ ಐದು ವಾರಕ್ಕೆ ಲಂಡನ್. ನಾಲ್ಕು 'ತೊಸ್ಕಾ' ಹಾಡಬೇಕಿತ್ತು. ಡಾಕ್ಟರು ಬೇಡ ಅಂದರು. ರಾಣಿ ಬರುವ ಒಂದೇ ರಾತ್ರಿ, ಜುಲೈ 5, ಹಾಡುತ್ತೇನೆ ಅಂದರು, ಹಾಡಿದರು. ಉಳಿದ ಮೂರಕ್ಕೆ ಮಂದಿರದವರು ಮೇರಿ ಕಾಲಿಯರ್ ಅವರನ್ನು ನಿಲ್ಲಿಸಿದರು. ನೋಡಿ, ಅದೇ ಗಾಯಕಿ, ಅದೇ ಥರದ ಸಂಕಟ, ಎದುರಿಗೆ ರಾಷ್ಟ್ರಪತಿಯ ಬದಲು ರಾಣಿ. ಬದಲಿಯವರು ಇದ್ದದ್ದರಿಂದ ಮಂದಿರದ ಬಾಗಿಲು ತೆರೆದೇ ಇತ್ತು. ವೇದಿಕೆ ಮೇಲೆ ಮರಿಯಾ ಪೂರ್ತಿ ಒಪೆರಾ ಹಾಡಿದ್ದು ಅದೇ ಕೊನೆ. ಆಗ ವಯಸ್ಸು 41.

ರೋಮ್ ಮಂದಿರದ ಮೇಲೆ ಮರಿಯಾ ಕೇಸು ಹಾಕಿದ್ದರು. ಉಳಿದ ಪ್ರದರ್ಶನಗಳಿಗೆ ಹಾಡಲು ಸಿದ್ಧವಿದ್ದರೂ ಬಿಡಲಿಲ್ಲ ಅಂತ. ಕೆಳಗಿನ ಕೋರ್ಟು, ಮೇಲಿನ ಕೋರ್ಟು, ಎಳೆಯಿತು, ಎಳೆಯಿತು. 1971ರಲ್ಲಿ ತೀರ್ಪು ಮರಿಯಾ ಪರವಾಗಿ ಬಂತು. ಹದಿಮೂರು ವರ್ಷ. ಅಷ್ಟರಲ್ಲಿ ಒಪೆರಾ ಬಿಟ್ಟು ಆರು ವರ್ಷವಾಗಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಅವರು ನ್ಯೂಯಾರ್ಕಿನ ಜೂಲಿಯಾರ್ಡ್ ಶಾಲೆಯ ವೇದಿಕೆ ಮೇಲೆ ನಿಂತು ಹೊಸ ಹುಡುಗ ಹುಡುಗಿಯರಿಗೆ ಒಂದೊಂದೇ ಸಾಲು ತಿದ್ದಿ ಹಾಡಿಸುತ್ತಿದ್ದರು. ಈ ಸಲ ಕನ್ನಡಕ ಹಾಕಿಕೊಂಡು.